ರೇಂಜ್ ಸಿಗುವ ಕುರ್ಚಿ

ನಮ್ಮ ಓಣಿಯಲ್ಲಿ ರೇಂಜ್ ಯಾಕೆ ಸಿಗುವುದಿಲ್ಲ ಎಂಬುದಕ್ಕಿಂತ, ಸಿಗುವ ಕಡೆ ಯಾಕೆ ಸಿಗುತ್ತದೆ ಎಂಬುದೇ ನನಗೆ ದೊಡ್ಡ ಕುತೂಹಲವಾಗಿತ್ತು. ಕಂಕನಾಡಿ ಪೇಟೆಯಿಂದ ಹತ್ತು ನಿಮಿಷ ನಡೆದರೆ ಗುಡ್ಡದ ಮಗ್ಗುಲಲ್ಲಿ ಓಣಿ ಕೆಳಕ್ಕೆ ಇಳಿಯುತ್ತದೆ. ಮೇಲಿನ ರಸ್ತೆಯವರಿಗೆಲ್ಲ ಇಂಟರ್ನೆಟ್ ಕೇಬಲ್ ಬಂದಿತ್ತು. ಇಳಿಜಾರು ಶುರುವಾಗುವ ಕಂಬದಲ್ಲಿ ಅದು ಸುರುಳಿ ಸುತ್ತಿಕೊಂಡು ನಿಂತುಬಿಟ್ಟಿತ್ತು. ಕೆಳಗಿನ ನಮಗೆ ಮೊಬೈಲೇ ಗತಿ. ನಮ್ಮ ಚಾವಡಿಯ ಕಿಟಕಿಯ ಬಳಿ ಮೂರು ಗೆರೆ, ಎರಡು ಹೆಜ್ಜೆ ಒಳಗೆ ಬಂದರೆ ಸೊನ್ನೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು, ಸುಮ್ಮನೆ ಬಿಡುತ್ತೇನೆಯೇ? ಫೋನ್ ಹಿಡಿದು ಓಣಿಯ ಮನೆಮನೆಯ ಮೆಟ್ಟಿಲು ಹತ್ತಿ ಇಳಿದು, ನೋಟ್ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದೆ.

"ನಿಮಗೆ ಬೇರೆ ಕೆಲಸ ಇಲ್ವಾ ಮಾರಾಯ್ರೇ?" ಎಂದು ಹೆಂಡತಿ ಕೇಳುತ್ತಿದ್ದಳು. ನಿಜವಾಗಿಯೂ ಇರಲಿಲ್ಲ.

ಕೆಲಸ ಕೊಟ್ಟವಳು ಓಣಿಯ ಕೊನೆಯ ಮನೆಯ ಹುಡುಗಿ. ಹುಡುಗಿ ಅಂದರೆ ಮೂವತ್ತು ದಾಟಿದವಳು, ನನ್ನ ಹಳೆಯ ವಿದ್ಯಾರ್ಥಿನಿ. ಡಾಕ್ಟರುಗಳು ರೋಗಿಯನ್ನು ನೋಡಿ ಹೇಳಿ ರೆಕಾರ್ಡ್ ಮಾಡಿದ್ದನ್ನು ಕೇಳಿಸಿಕೊಂಡು ಟೈಪ್ ಮಾಡಿ ಕಳಿಸುವುದು ಅವಳ ಉದ್ಯೋಗ. ತಾಯಿ ಪಾರ್ಶ್ವವಾಯುವಿನಿಂದ ಮಲಗಿದ್ದರು, ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ಹಾಗಾಗಿ ಮನೆಯಿಂದಲೇ ದುಡಿಮೆ. ಆದರೆ ಕಳಿಸುವ ಫೈಲು ಅರ್ಧದಲ್ಲೇ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದಳು.

"ಮಾಸ್ಟ್ರೇ, ಆಫೀಸಿನವರು ಹೇಳಿದ್ರು, ಎರಡು ತಿಂಗಳ ಒಳಗೆ ಮನೆಗೆ ಕೇಬಲ್ ಹಾಕಿಸ್ಬೇಕಂತೆ. ಇಲ್ಲದಿದ್ರೆ ದಿನಾ ಆಫೀಸಿಗೆ ಬರ್ಬೇಕಂತೆ. ಅಮ್ಮನನ್ನು ಬಿಟ್ಟು ಹೇಗೆ ಹೋಗುದು? ಕೆಲಸ ಬಿಡುದೇ ಮತ್ತೆ."

ಹಾಗೆ ನಮ್ಮ ಹೋರಾಟ ಶುರುವಾಯಿತು. ಹೋರಾಟವೆಂದರೆ ನಾನು ಮತ್ತು ನನ್ನ ನೋಟ್ ಪುಸ್ತಕ. ಮನೆಮನೆ ಹತ್ತಿ ಸಹಿ ಹಾಕಿಸಿದೆ. ಮನವಿಗೆ ಅದು ಬೇಕು ಇದು ಬೇಕು ಎಂದು ಅವಳ ಮನೆಗಂತೂ ದಿನಕ್ಕೊಮ್ಮೆ ಹೋಗುತ್ತಿದ್ದೆ. ಪಂಪ್‌ವೆಲ್ ಹತ್ತಿರ ಕೇಬಲ್ ಕಂಪೆನಿಯ ಆಫೀಸಿನಲ್ಲಿ ಕೂತವರು, "ಮೊಬೈಲ್ ನೆಟ್ ಚೆನ್ನಾಗಿ ಸಿಗುವಲ್ಲಿ ಯಾರೂ ಕೇಬಲ್ ತಗೊಳ್ಳುದಿಲ್ಲ ಸರ್. ನಮ್ಮವರು ಬಂದು ನೋಡ್ತಾರೆ" ಎಂದರು.

ಸರ್ವೆಯವನು ಬಂದ. ಮನೆಮನೆಯಲ್ಲಿ ಕೂತು ಫೋನಿನಲ್ಲಿ ಅಳೆದ. ನಾನು ಜೊತೆಯಲ್ಲೇ ಇದ್ದೆ. ವಾರದ ಮೇಲೆ ಉತ್ತರ ಬಂತು: ಎಲ್ಲ ಮನೆಗಳಲ್ಲೂ ಮೊಬೈಲ್ ನೆಟ್ ತೃಪ್ತಿಕರ, ಕೇಬಲ್ ಅಗತ್ಯವಿಲ್ಲ.

ನನಗೆ ತಲೆ ಕೆಟ್ಟುಹೋಯಿತು. ಫೋನ್ ಸುಳ್ಳು ಹೇಳಿತೇ, ಆ ಮನುಷ್ಯನೇ ಹೇಳಿದನೇ? ನೋಟ್ ಪುಸ್ತಕ ತೆಗೆದು, ಅವನು ಯಾವ ಮನೆಯಲ್ಲಿ ಎಲ್ಲಿ ಕೂತಿದ್ದ ಎಂದು ನೆನಪು ಮಾಡಿಕೊಂಡು ಬರೆಯತೊಡಗಿದೆ. ನಮ್ಮಲ್ಲಿ ಕಿಟಕಿಯ ಬಳಿಯ ಕುರ್ಚಿ. ಪಕ್ಕದ ಅರ್ಚಕರ ಮನೆಯಲ್ಲಿ ಜಗಲಿಯ ತುದಿ. ಗಂಡ ದುಬೈಯಲ್ಲಿರುವ ಎದುರು ಮನೆಯಾಕೆ ಕೂರಿಸಿದ್ದು ತಾನು ದಿನಾ ವಿಡಿಯೋ ಕಾಲ್ ಮಾಡುವ ಬಾಗಿಲ ಪಕ್ಕದಲ್ಲಿ. ಎಲ್ಲವೂ ರೇಂಜ್ ಸಿಗುವ ಜಾಗಗಳೇ! ಬಂದವರನ್ನು ಮನೆಯ ಒಳ್ಳೆಯ ಜಾಗದಲ್ಲಿ ಕೂರಿಸುವುದು ನಮ್ಮ ಕಡೆಯ ಕ್ರಮ. ಮೊದಲೆಲ್ಲ ಗಾಳಿ ಬರುವಲ್ಲಿ ಕೂರಿಸುತ್ತಿದ್ದೆವು, ಈಗ ರೇಂಜ್ ಬರುವಲ್ಲಿ ಕೂರಿಸುತ್ತೇವೆ. ಯಾವಾಗ ಬದಲಾಯಿಸಿದೆವೋ, ಯಾರಿಗೂ ಗೊತ್ತಿಲ್ಲ. ಉಪಚಾರ ಮಾಡಿ ಮಾಡಿ ನಾವೇ ನಮ್ಮ ಕೆಲಸ ಕೆಡಿಸಿಕೊಂಡಿದ್ದೆವು.

ನಗು ತಡೆಯಲಾರದೆ ಹುಡುಗಿಗೆ ಹೇಳಲು ಕೊನೆಯ ಮನೆಗೆ ಓಡಿದೆ. ಅವಳು ಎಂದಿನಂತೆ ಫೋನು, ಲ್ಯಾಪ್‌ಟಾಪ್ ಎತ್ತಿಕೊಂಡು ಎದ್ದು, "ಕೂತ್ಕೊಳ್ಳಿ ಮಾಸ್ಟ್ರೇ" ಎಂದು ಕಾಫಿಗೆ ನೀರಿಡಲು ಹೋದಳು. ಕೂತೆ. ಅವಳು ಎದ್ದ ಆ ಕುರ್ಚಿಯಲ್ಲೇ ಫೋನ್ ನೋಡಿದೆ. ನಾಲ್ಕು ಗೆರೆ. ಎದ್ದು ಒಂದು ಹೆಜ್ಜೆ ಆಚೆ ಇಟ್ಟೆ. ಸೊನ್ನೆ.

"ನಾನು ಬಂದಾಗಲೆಲ್ಲ ನಿನ್ನ ಕೆಲಸ ನಿಲ್ತದಾ?" ಎಂದು ಕೇಳಿದೆ.

"ಪರವಾಗಿಲ್ಲ ಮಾಸ್ಟ್ರೇ."

"ಅದಲ್ಲ ಕೇಳಿದ್ದು. ನಿಲ್ತದಾ ಇಲ್ವಾ?"

"ನಿಲ್ತದೆ." ಅವಳು ತಲೆ ತಗ್ಗಿಸಿದಳು. "ನೀವು ನಮಗೋಸ್ಕರ ಇಷ್ಟು ತಿರುಗ್ತಾ ಇದ್ದೀರಿ. ಏಳಿ ಅಂತ ಹೇಗೆ ಹೇಳುದು?"

ನಾಚಿಕೆಯಿಂದ ಮುಖ ಎಲ್ಲಿಡಲಿ ಎಂದಾಯಿತು. ಓಣಿಯವರ ಮನೆಯನ್ನೆಲ್ಲ ಅಳೆದವನು ಈ ಮನೆಯಲ್ಲಿ ಬರೀ ಭಾಷಣ ಮಾಡಿದ್ದೆ. ಒಂದು ತಿಂಗಳಿನಿಂದ ಅವಳ ಉದ್ಯೋಗ ಉಳಿಸುತ್ತೇನೆಂದು ಬಂದು, ಅವಳಿಗೆ ಉದ್ಯೋಗ ಮಾಡಲು ಇದ್ದ ಒಂದೇ ಒಂದು ಜಾಗದಲ್ಲಿ ಕೂತು ಕಾಫಿ ಕುಡಿದಿದ್ದೆ. ಅಂದಿನ ಕಾಫಿ ನಿಂತೇ ಕುಡಿದೆ.

ಪಂಪ್‌ವೆಲ್‌ಗೆ ನಾಲ್ಕು ಸಲ ಅಲೆದು ಇನ್ನೊಂದು ಸರ್ವೆಗೆ ಒಪ್ಪಿಸಿದೆ. ಈ ಸಲ ಬಂದವನನ್ನು ಒಳಕೋಣೆಯಲ್ಲಿ ಕೂರಿಸಿ ಎಂದು ಎಲ್ಲರಿಗೂ ಹೇಳಿ ಬಂದೆ. ಅರ್ಚಕರು ಒಪ್ಪಲಿಲ್ಲ. "ಬಂದವರನ್ನು ಕತ್ತಲೆ ಮೂಲೆಯಲ್ಲಿ ಕೂರಿಸ್ಲಿಕ್ಕೆ ನನ್ನಿಂದಾಗುದಿಲ್ಲ" ಎಂದರು. ಅವರಲ್ಲಿ ಮತ್ತೆ ಮೂರು ಗೆರೆ ಬಂತು. ಎದುರು ಮನೆಯಾಕೆಯೂ ಮತ್ತೆ ಬಾಗಿಲ ಪಕ್ಕದಲ್ಲೇ ಕೂರಿಸಿದಳು. ಅಷ್ಟು ಹೇಳಿಸಿಕೊಂಡ ನನ್ನ ಹೆಂಡತಿಯೂ, "ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ" ಎಂದು ಕಿಟಕಿಯನ್ನೇ ತೋರಿಸಿಬಿಟ್ಟಳು! ಉಳಿದದ್ದು ಕೊನೆಯ ಮನೆ ಮಾತ್ರ.

ಅಲ್ಲಿಗೆ ಹೋದಾಗ ಅವಳು ಕುರ್ಚಿಯಲ್ಲಿ ಕೂತು ಟೈಪ್ ಮಾಡುತ್ತಿದ್ದಳು. ಸರ್ವೆಯವನನ್ನು ಕಂಡದ್ದೇ ಅರ್ಧ ಎದ್ದಳು. ಒಳಗಿನ ಮಂಚದಿಂದ ತಾಯಿಯ ತೊದಲು ದನಿ ಕೇಳಿತು: "ಯಾರು? ಕೂರ್ಲಿಕ್ಕೆ ಕೊಡು ಮಗಾ." ಅವಳು ನನ್ನ ಮುಖ ನೋಡಿದಳು. ಅವಳು ಮೆಲ್ಲನೆ ಮತ್ತೆ ಕೂತುಬಿಟ್ಟಳು.

"ತಪ್ಪು ತಿಳ್ಕೊಳ್ಬೇಡಿ ಸರ್. ನಾನೆದ್ರೆ ಕೆಲಸ ನಿಲ್ತದೆ. ನೀವು ನಿಂತೇ ನೋಡಿ."

"ಎಂಥದು ಮಗಾ ಅದು, ಮನೆಗೆ ಬಂದವರಿಗೆ..." ಎಂದು ತಾಯಿ ಅಲ್ಲಿಂದಲೇ ಬೈದರು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಬೆರಳು ಮಾತ್ರ ಟೈಪ್ ಮಾಡುತ್ತಲೇ ಇತ್ತು. ಸರ್ವೆಯವನು ಇರುಸುಮುರುಸಿನಿಂದ ಬಾಗಿಲ ಬಳಿ ಅಳೆದ, ಅಡುಗೆಮನೆಯಲ್ಲಿ ಅಳೆದ, ತಾಯಿಯ ಮಂಚದ ಪಕ್ಕ ನಿಂತು ಅಳೆದ. ಎಲ್ಲ ಕಡೆ ಸೊನ್ನೆ. ಅವನು ಅವಳು ಕೂತಿದ್ದ ಕುರ್ಚಿಯನ್ನು ನೋಡಿದ. ಆಮೇಲೆ ತಾನಾಗಿಯೇ, "ಸರ್, ಆ ಮೊದಲಿನ ಮನೆಗಳನ್ನು ಇನ್ನೊಮ್ಮೆ ನೋಡುವ. ಈ ಸಲ ನಾನು ಕೂರುದಿಲ್ಲ" ಎಂದ.

ಗಡುವಿಗೆ ನಾಲ್ಕು ದಿನ ಇರುವಾಗ ಕೇಬಲ್ ಓಣಿಗೆ ಇಳಿಯಿತು. ಈಗ ಅವಳು ತಾಯಿಯ ಮಂಚದ ಪಕ್ಕದಲ್ಲೇ ಕೂತು ಟೈಪ್ ಮಾಡುತ್ತಾಳೆ. ನಾನು ಹೋದರೆ, "ಬನ್ನಿ ಮಾಸ್ಟ್ರೇ" ಎನ್ನುತ್ತಾಳೆ, ಏಳುವುದಿಲ್ಲ. ನಾನು ತರಗತಿಗೆ ಕಾಲಿಟ್ಟರೆ ಎಷ್ಟೋ ವರ್ಷ ಎಷ್ಟೋ ಮಕ್ಕಳು ಎದ್ದು ನಿಂತಿದ್ದಾರೆ. ಆಗ ಯಾವತ್ತೂ ಇಷ್ಟು ಸಂತೋಷವಾಗಿರಲಿಲ್ಲ.