ನಕಲಿ ಬಳೆಗಾರ್ತಿ

ಗಣಿ ದುಡ್ಡು ಬಳ್ಳಾರಿಯ ತಲೆ ತಿರುಗಿಸಿದ್ದ ಕಾಲ. ಅದಿರು ಲಾರಿಗಳ ಕೆಂಪು ಧೂಳು ಕೌಲ್ ಬಜಾರಿನ ನಮ್ಮ ಅನ್ನದ ಪಾತ್ರೆಯವರೆಗೂ ಬರುತ್ತಿತ್ತು, ದುಡ್ಡು ಮಾತ್ರ ನಮ್ಮ ಓಣಿಗೆ ದಾರಿ ಕೇಳಲಿಲ್ಲ. ಜಾಹೀರಾತು ಕೊಡುವವರು ಮುಗಿಬಿದ್ದಿದ್ದರಿಂದ ಊರಿನ ಕೇಬಲ್ ಚಾನೆಲ್ಲಿನವರಿಗೂ ದೊಡ್ಡ ಟಿವಿಯವರ ಹಾಗೆ ಆಟ ನಡೆಸುವ ಹುಮ್ಮಸ್ಸು ಬಂತು. ಗೊತ್ತಿಲ್ಲದ ಕಸುಬೊಂದನ್ನು ತಿಂಗಳೊಳಗೆ ಕಲಿತು, ಆ ಕಸುಬಿನವರ ನಡುವೆ ಕೂರಬೇಕು. ನಕಲಿ ಯಾರೆಂದು ತೀರ್ಪುಗಾರರಿಗೆ ಗೊತ್ತಾಗದಿದ್ದರೆ ಗೆದ್ದ ಹಾಗೆ. ಬಹುಮಾನ ಕರೆಂಟಿನ ಹೊಲಿಗೆ ಮಶೀನು. ಕಾಲಲ್ಲಿ ತುಳಿದು ತುಳಿದು ಜೀನ್ಸ್ ಹೊಲಿಯುತ್ತಿದ್ದ ನಾನು ಹೆಸರು ಕೊಟ್ಟೆ. ನನ್ನ ಪಾಲಿಗೆ ಬಂದದ್ದು ಬಳೆ ತೊಡಿಸುವ ಕಸುಬು.

ಕಲಿಸಲು ಒಪ್ಪಿದವಳು ಕುರುಗೋಡಿನ ಒಬ್ಬ ಬಳೆಗಾರ್ತಿ. ನನ್ನ ತಾಯಿಯ ವಯಸ್ಸಿನವಳು, ಚಿಕ್ಕಮ್ಮನನ್ನು ಕರೆಯುವ ಹಾಗೆ ಖಾಲಾ ಎಂದೇ ಕರೆಯುತ್ತಿದ್ದೆ. ಸಿರುಗುಪ್ಪದ ಹಳ್ಳಿಗಳಲ್ಲಿ ಅವಳು ಬಳೆ ತೊಡಿಸದ ಮದುವೆ ಕಡಿಮೆ. ಅವಳ ಹಿಂದೆ ಮನೆ ಮನೆ ತಿರುಗಿದೆ. ಕೈ ಹಿಡಿದ ಕೂಡಲೇ ಅವಳು ತವರುಮನೆ ಯಾವುದು, ಅತ್ತೆ ಹೇಗಿದ್ದಾಳೆ ಎಂದು ಶುರು ಮಾಡುತ್ತಿದ್ದಳು. ಹೆಂಗಸು ಅತ್ತೆಯನ್ನು ಬೈಯುವುದರೊಳಗೆ ಬಳೆ ಮಣಿಕಟ್ಟಿಗೆ ಇಳಿದಿರುತ್ತಿತ್ತು.

"ಮಾತಾಡಿಸ್ಬೇಕವಾ," ಎಂದಿದ್ದಳು. "ಮಾತಿಗೆ ಕೈ ಸಡ್ಲಾಗತೈತಿ."

ನನಗೆ ಆ ಬಾಯಿ ಎಲ್ಲಿಂದ ಬರಬೇಕು? ನಾನು ಸೋಪಿನ ನೊರೆ ನೆಚ್ಚಿಕೊಂಡೆ. ಖಾಲಾ ನಕ್ಕಳು.

ಆಟದ ದಿನ ನನ್ನ ಜೊತೆ ಕೂತ ಅಸಲಿ ಬಳೆಗಾರ್ತಿಯರಲ್ಲಿ ಖಾಲಾಳೂ ಇದ್ದಳು. ನಡುವೆ ಪರದೆ ಕಟ್ಟಿದ್ದರು. ಆಚೆ ಕೂತ ತೀರ್ಪುಗಾರ್ತಿಯರು ಕೈ ಮಾತ್ರ ಈಚೆಗೆ ಚಾಚುತ್ತಿದ್ದರು. ದನಿಯಿಂದ ಗುರುತು ಸಿಕ್ಕೀತೆಂದು ಯಾರೂ ಮಾತಾಡಕೂಡದು ಎಂದರು. ಅಷ್ಟು ಕೇಳಿದ್ದೇ ಖಾಲಾಳ ಮುಖ ಸಪ್ಪಗಾಯಿತು. ಮಾತಿಲ್ಲದ ಆ ಕೈಗಳು ಅವಳ ಹಿಡಿತದಲ್ಲಿ ಸೆಟೆದುಕೊಂಡವು. ಬಳೆ ಒಡೆಯಿತು, ಇನ್ನೊಂದೂ ಒಡೆಯಿತು. ನನ್ನವು ನೊರೆಯ ಮೇಲೆ ಜಾರಿ ಮಣಿಕಟ್ಟಿಗೆ ಇಳಿದವು. ಪರದೆ ಸರಿಸಿದಾಗ ತೀರ್ಪುಗಾರ್ತಿಯರೆಲ್ಲ ನಕಲಿ ಎಂದು ಖಾಲಾಳತ್ತ ಬೆರಳು ತೋರಿಸಿದರು. ಹೊಲಿಗೆ ಮಶೀನು ನನ್ನದಾಯಿತೆಂದು ನಾನು ಖುಷಿಗೆ ಎರಡೂ ಕೈ ಮೇಲೆತ್ತಿದೆ. ಚಾನೆಲ್ಲಿನವರು ಅದನ್ನೇ ವಾರಗಟ್ಟಲೆ ತೋರಿಸಿದರು. ಪಕ್ಕದಲ್ಲಿ ಖಾಲಾ ಒಡೆದ ಚೂರು ಆರಿಸುತ್ತಿದ್ದಳು. ಆ ಚಿತ್ರ ನೋಡಿದಾಗಲೆಲ್ಲ ನನ್ನ ಕೈ ಮುರಿದುಹೋಗಬಾರದಿತ್ತೇ ಅನ್ನಿಸುತ್ತಿತ್ತು.

ಅವಳು ಅಸಲಿ ಬಳೆಗಾರ್ತಿ ಎಂದು ಟಿವಿಯಲ್ಲಿ ಹೇಳದೆ ಇರಲಿಲ್ಲ. ಆದರೆ ಜನ ಬೇರೆಯೇ ಅರ್ಥ ಮಾಡಿಕೊಂಡರು: ಮುದುಕಿಯ ಕೈ ಹೋಯಿತು, ನಿನ್ನೆ ಮೊನ್ನೆ ಕಲಿತವಳೇ ವಾಸಿ. ಮದುವೆಮನೆಯಲ್ಲಿ ಬಳೆ ಒಡೆದರೆ ಅಪಶಕುನ ಬೇರೆ. ಒಂದೊಂದೇ ಮನೆ ಅವಳನ್ನು ಕರೆಯುವುದು ಬಿಟ್ಟಿತು.

ಕೆಲವು ತಿಂಗಳಾದ ಮೇಲೆ ಖಾಲಾ ನಮ್ಮ ಮನೆಗೆ ಬಂದಳು. ಬೈಯಲು ಬಂದಳೆಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ರಾರಾವಿಯ ಮದುವೆಮನೆಯೊಂದಕ್ಕೆ ಜೊತೆಗೆ ಬಾ ಎಂದು ಕರೆದಳು.

"ಟಿವಿಯಾಕಿನ್ನ ಕರ್ಕೊಂಡ್ ಬಾ ಅಂದಾರ," ಎಂದಳು. "ನೀ ಬರ್ಲಿಲ್ಲಂದ್ರ ನನ್ನ ಬಳೀನೂ ಬ್ಯಾಡಂತ."

ಹೋದೆ. ಮದುಮಗಳ ಕೈ ನನ್ನ ಮುಂದೆ ಬಂತು. ಖಾಲಾ ಪಕ್ಕದಲ್ಲಿ ಕೂತು ಹಸಿರು ಬಳೆಗಳನ್ನು ಅಳತೆ ನೋಡಿ ಒಂದೊಂದಾಗಿ ನನಗೆ ಕೊಟ್ಟಳು. ತವರು, ಅತ್ತೆಮನೆ ಎಂದು ಹುಡುಗಿಯನ್ನು ಮಾತಾಡಿಸಿದವಳೂ ಅವಳೇ. ಕೈ ಸಡಿಲಾಯಿತು, ಒಂದೂ ಒಡೆಯಲಿಲ್ಲ. ಹೆಂಗಸರು ನನ್ನನ್ನು ಹೊಗಳಿದರು. ಖಾಲಾಳ ಮಾತಿನಿಂದ ಬಳೆ ಇಳಿದದ್ದೆಂದು ಹೇಳಿದೆ. ಗುರುವಿನ ಮೇಲೆ ಎಷ್ಟು ಭಕ್ತಿ ಎಂದು ಅದಕ್ಕೂ ನನ್ನನ್ನೇ ಹೊಗಳಿದರು.

ಬಳೆ ತೊಡಿಸಿದವರಿಗೆ ಮದುಮಗಳ ತಾಯಿ ಮೊರದಲ್ಲಿ ಅಕ್ಕಿ, ಬೆಲ್ಲ, ಎಲೆ ಅಡಿಕೆ ಇಟ್ಟು ಕೊಡುವುದು ಪದ್ಧತಿ. ಮೊರ ನನ್ನ ಕೈಗೆ ಬಂತು. ಹೊರಗೆ ಬಂದವಳೇ ಖಾಲಾಳ ಮುಂದೆ ಹಿಡಿದೆ, ಇದು ನಿನ್ನದು ಎಂದೆ. ಅವಳು ಸೆರಗಿನ ತುದಿಯನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ತೊಡಿಸಿದ ಕೈಗೇ ಸಲ್ಲಬೇಕವಾ. ನಾ ತಗೊಂಡ್ರ ಕಸುಬಿಗೆ ದ್ರೋಹ."

ಆ ಅಕ್ಕಿಯನ್ನು ನಾನೇ ಮನೆಗೆ ತಂದೆ. ಸಿರುಗುಪ್ಪದ ಒಳ್ಳೆಯ ಸಣ್ಣಕ್ಕಿ. ಮಕ್ಕಳು ಇನ್ನಷ್ಟು ಬಡಿಸೆಂದು ಕೇಳಿ ಉಂಡರು. ನಾನೂ ಉಂಡೆ.