ಅಣ್ಣನ ಬಾಗಿಲ ಮುಂದಿನ ಕಂಬ

ಮಧ್ಯಾಹ್ನ ಊಟ ಮುಗಿಸಿ ಪಾತ್ರೆ ಜೋಡಿಸುತ್ತಿದ್ದೆ. ಶೆಲ್ಫಿನ ಲೋಟಗಳು ಗಲಗಲ ಎಂದವು, ಕಾಲಡಿಯ ನೆಲ ಜುಮ್ಮೆಂದಿತು. ಮೊದಲ ಹೆರಿಗೆಗೆಂದು ಬಂದಿದ್ದ ಮಗಳು ಹೊಟ್ಟೆ ಹಿಡಿದುಕೊಂಡು ಕೋಣೆಯಿಂದ ಓಡಿಬಂದಳು. ಅಷ್ಟರಲ್ಲಿ ಎಲ್ಲ ನಿಂತುಹೋಗಿತ್ತು.

ಮೈಸೂರಿನ ರಾಜೀವನಗರದ ನಮ್ಮ ಬೀದಿಯವರೆಲ್ಲ ಹೊರಗೆ ಬಂದು ತಲೆಗೊಂದು ಮಾತಾಡಿದರು. ಕ್ವಾರಿಯಲ್ಲಿ ಸಿಡಿಮದ್ದು ಇಟ್ಟಿರಬೇಕು, ದೊಡ್ಡ ಲಾರಿ ಹೋಗಿರಬೇಕು. ಭೂಕಂಪ ಎಂದವಳು ನಾನೊಬ್ಬಳೇ. ಎಲ್ಲರೂ ನಕ್ಕರು. ಸಂಜೆ ಟೀವಿಯಲ್ಲಿ ಲಘು ಭೂಕಂಪನ ಎಂದೇ ಬಂತು.

ಅಪ್ಪ ಕಟ್ಟಿಸಿದ ಮನೆ ನಮ್ಮದು. ಕೆಳಗೆ ಅಣ್ಣ, ಮೇಲೆ ನಾನು. ಅಣ್ಣನ ಬಾಗಿಲ ಮೇಲೆ ಗೋಡೆ ಬಿರುಕು ಬಿಟ್ಟಿತ್ತು. ಬೇರೆಯವರಾಗಿದ್ದರೆ ಎಂಜಿನಿಯರನ್ನು ಕರೆಸುತ್ತಿದ್ದರು. ನಮ್ಮಣ್ಣ ವಾಸ್ತು ನೋಡುವವರನ್ನು ಕರೆಸಿದ. ತಲೆಬಾಗಿಲಿಗೆ ಎದುರಾಗಿ ನಿಂತಿರುವ ಕಂಬವೇ ದೋಷ, ಒಡೆಸಿಬಿಡಿ ಎಂದು ಹೇಳಿ ಅವರು ಕಾಫಿ ಕುಡಿದು ಹೋದರು. ಆ ಕಂಬ ಹೊತ್ತಿರುವುದು ನನ್ನ ಮಗಳು ಮಲಗುವ ಕೋಣೆಯನ್ನು!

ಅಳಿಯ ಎಂಜಿನಿಯರು, ಹೆಬ್ಬಾಳದಲ್ಲಿ ಫ್ಯಾಕ್ಟರಿ ಕಟ್ಟಡಗಳನ್ನು ಕಟ್ಟಿಸುವವನು. ಸುದ್ದಿ ಕೇಳಿ ಓಡಿಬಂದು ಅಣ್ಣನಿಗೆ ಹೇಳಿದ.

"ಮಾವ, ನಮ್ಮ ಕಡೆ ಭೂಕಂಪ ಕಡಿಮೆ, ನಿಜ. ಆಗೋದೇ ಇಲ್ಲ ಅಂತ ಯಾರೂ ಬರ್ಕೊಟ್ಟಿಲ್ಲ. ಕಂಬ ಮುಟ್ಬೇಡಿ. ಬಿರುಕು ಬಿಟ್ಟಿರೋ ಕಡೆ ಗೋಡೆ ಭದ್ರ ಮಾಡಿಸೋಣ."

"ಕೆಳಗೆಲ್ಲ ಬಂಡೆ ಕಣ್ರೀ," ಎಂದ ಅಣ್ಣ. "ಬೆಟ್ಟದ ಮೇಲೆ ತಾಯಿ ಕೂತವ್ಳೆ. ಮೈಸೂರಲ್ಲಿ ಭೂಕಂಪ ಎಂಗಾಯ್ತದೆ?"

"ಮತ್ತೆ ಗೋಡೆ ಎಂಗೆ ಬಿರುಕು ಬಿಡ್ತಣ್ಣ?" ಎಂದೆ.

"ಅದು ಕಂಬದ ದೋಷ ಕಣಮ್ಮ."

ನನಗೆ ಮೈಯೆಲ್ಲ ಉರಿದುಹೋಯಿತು. ಡಿಗ್ರಿ ಓದಿದವನು, ಇಡೀ ಊರಿಗೆ ಬುದ್ಧಿ ಹೇಳುವವನು! ಆ ಮಧ್ಯಾಹ್ನ ಕುರ್ಚಿಯಲ್ಲಿ ಕೂತಿದ್ದಾಗ ತನ್ನ ಮೈಯೇ ಅಲುಗಾಡಿದ್ದನ್ನು ನಂಬದವನು ಇನ್ನಾರ ಮಾತು ನಂಬುತ್ತಾನೆ? ಕಂಬ ಒಡೆಯಲು ಮರುದಿನ ಬೆಳಿಗ್ಗೆ ಗಾರೆಯವರು ಬರುವುದೂ ಗೊತ್ತಾಗಿತ್ತು.

ನಾನು ಅವರು ಬರುವ ಮೊದಲೇ ಎದ್ದು ಸ್ನಾನ ಮಾಡಿ ಕೆಳಗಿಳಿದೆ. ಕಂಬಕ್ಕೆ ಅರಿಶಿನ ಬಳಿದು ದೊಡ್ಡ ಕುಂಕುಮವಿಟ್ಟೆ, ಸೇವಂತಿಗೆ ಹಾರ ಹಾಕಿ ಬುಡದಲ್ಲಿ ದೀಪ ಹಚ್ಚಿ ಸದ್ದಿಲ್ಲದೆ ಮೇಲೆ ಬಂದೆ. ಸುತ್ತಿಗೆ ಹಿಡಿದು ಬಂದ ಗಾರೆಯವನು ಅದನ್ನು ನೋಡಿದ್ದೇ ಚಪ್ಪಲಿ ಬಿಟ್ಟು ಕೈಮುಗಿದ.

"ಪೂಜೆ ಮಾಡಿರೋ ಕಂಬಕ್ಕೆ ನಾನು ಸುತ್ತಿಗೆ ಎತ್ತಾಕಿಲ್ಲ, ಬುಟ್ಬುಡಿ ಸಾರ್."

ಅಣ್ಣನೂ ಕೈಮುಗಿದ. ಪೂಜೆ ಮಾಡಿದವರು ಯಾರೆಂದು ಕೇಳಲೂ ಇಲ್ಲ. ಎಂಜಿನಿಯರನ ಮಾತಿಗೆ ಸಿಗದ ಮರ್ಯಾದೆ ಚಿಟಿಕೆ ಕುಂಕುಮಕ್ಕೆ ಸಿಕ್ಕಿತಲ್ಲ ಎಂದು ಹೊಟ್ಟೆ ಉರಿಯಿತು. ಆದರೂ ಮಗಳ ಕೋಣೆ ಉಳಿಯಿತು ಎಂದು ಸಮಾಧಾನಪಟ್ಟೆ.

ಭಾನುವಾರ ಅಳಿಯ ಗೋಡೆ ಭದ್ರಪಡಿಸಲು ಕೆಲಸದವರನ್ನು ಕರೆತಂದ. ಅಣ್ಣ ಗೇಟು ತೆಗೆಯಲಿಲ್ಲ.

"ಬೆಟ್ಟದ ಅಮ್ಮನೇ ಬಂದು ಕಂಬದಲ್ಲಿ ನೆಲೆಸವ್ಳೆ. ಇನ್ನು ಯಾವ ಭೂಕಂಪ ಬಂದ್ರೂ ಏನೂ ಆಗಾಕಿಲ್ಲ. ಗೋಡೆಗೆ ಕೈ ಹಾಕ್ಬೇಡಿ."

ಆ ಬಿರುಕಿನ ಗೋಡೆಯನ್ನು ನಂಬಲಾರದೆ, ತವರಿನಲ್ಲಿ ಹೆರಬೇಕಾದ ಮಗಳ ಬಟ್ಟೆಬರೆ ಕಟ್ಟಿ, ಲಕ್ಷ್ಮೀಪುರಂನ ಅತ್ತೆಮನೆಗೆ ಕಳಿಸಲು ನಾನೇ ಆಟೋ ಕರೆಸಿದೆ. ಅಮ್ಮ ಇರುವ ಮನೆಯಿಂದ ತುಂಬುಬಸುರಿಯನ್ನು ಕಳಿಸುವುದುಂಟೇ ಎಂದು ಅಣ್ಣ ಅಡ್ಡ ನಿಂತ. ನನಗೆ ತಡೆಯಲಾಗಲಿಲ್ಲ. ಬೀದಿಗೆಲ್ಲ ಕೇಳುವಂತೆ ಕಿರುಚಿದೆ.

"ಕುಂಕುಮ ಇಟ್ಟೋಳು ನಾನು ಕಣಣ್ಣ! ಯಾವ ಅಮ್ಮನೂ ಅಲ್ಲ, ನಾನು!"

ಅಣ್ಣ ಕಂಬದ ಕಡೆ ತಿರುಗಿ ಕೆನ್ನೆ ಬಡಿದುಕೊಂಡ.

"ನಿನ್ ಕೈಲಿ ಇಡಿಸ್ದೋಳು ಯಾರಮ್ಮ?" ಎಂದ.