ಕೆಂಪು ವಿಮಾನವನ್ನು ಸ್ಟಾರ್ಟ್ ಮಾಡಿದವಳು

ನಾವು ಮುಂಬಯಿ ಏರ್‌ಪೋರ್ಟಿನ ಪಕ್ಕದ ಸಾಂತಾಕ್ರೂಜಿನಲ್ಲಿದ್ದ ಆ ವರ್ಷಗಳಲ್ಲಿ ವಿಮಾನ ಬಂತೆಂದು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಮಾತಾಡುತ್ತಿದ್ದವರು ಸುಮ್ಮನಾಗಿ, ಅದು ಬಿಲ್ಡಿಂಗಿನ ಮೇಲೆ ಗುಡುಗುತ್ತ ದಾಟಿದ ಮೇಲೆ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತಿದ್ದರು. ಅಮ್ಮ ನನ್ನನ್ನು ಬೈಯುವಾಗಲೂ ಅಷ್ಟೇ. ನಡುವೆ ವಿಮಾನ ಬಂದರೆ ಸೌಟು ಹಿಡಿದ ಕೈ ಹಾಗೆಯೇ ನಿಲ್ಲುತ್ತಿತ್ತು. ಶಬ್ದ ಕರಗಿದೊಡನೆ ಉಳಿದರ್ಧ ಬೈಗುಳ ಒಂದಕ್ಷರವೂ ತಪ್ಪದೆ ಬರುತ್ತಿತ್ತು. ಮೈಸೂರಿನಿಂದ ಬಂದ ನೆಂಟರು ಮಾತ್ರ ಬಾಲ್ಕನಿಗೆ ಓಡುತ್ತಿದ್ದರು. ಅವರನ್ನು ನೋಡಿ ನಮಗೆ ನಗು.

ಅಂಥ ನನಗೆ ಆರನೇ ಕ್ಲಾಸಿನ ಚಳಿಗಾಲದಲ್ಲಿ ವಿಮಾನದ ಹುಚ್ಚು ಹಿಡಿಯಿತು. ಮುಂಬಯಿಯ ಚಳಿಗಾಲವೆಂದರೆ ಫ್ಯಾನಿನ ರೆಗ್ಯುಲೇಟರನ್ನು ಸ್ವಲ್ಪ ತಿರುಗಿಸಿ ಕಡಿಮೆ ಮಾಡುವುದು, ಅಷ್ಟೇ. ಅಮ್ಮ ತಾರಸಿಯಲ್ಲಿ ಹಳೆಯ ಪಂಚೆ ಹಾಸಿ ಸಂಡಿಗೆ ಇಟ್ಟಿದ್ದಳು. ಕಾಗೆ ಓಡಿಸುವ ಕೆಲಸ ನನ್ನದು. ಒಣಗುತ್ತಿದ್ದ ಸಂಡಿಗೆಯಿಂದ ಜೀರಿಗೆ, ಹಸಿಮೆಣಸಿನಕಾಯಿಯ ವಾಸನೆ ಏಳುತ್ತಿತ್ತು. ಆಗ ಜುಹು ಸಮುದ್ರದ ಕಡೆಯಿಂದ, ದಿನವೂ ಕೇಳುವ ಗುಡುಗಿಗಿಂತ ಬೇರೆಯದೇ ಒಂದು ಶಬ್ದ ಬಂತು. ನೋಡಿದರೆ ಕೆಂಪು ಬಣ್ಣದ ಪುಟ್ಟ ವಿಮಾನ. ರೆಕ್ಕೆಗಳು ಒಂದರ ಮೇಲೊಂದು, ಎರಡಂತಸ್ತು. ಅದು ನೆಟ್ಟಗೆ ಆಕಾಶಕ್ಕೆ ಏರಿತು, ತುದಿಯಲ್ಲಿ ಒಂದು ಗಳಿಗೆ ಏನನ್ನೋ ಮರೆತವರಂತೆ ನಿಂತಿತು, ಮಗುಚಿಕೊಂಡು ಸುರುಳಿ ಸುತ್ತುತ್ತ ಬಿತ್ತು. ನಾನು ಕಿರುಚಬೇಕೆನ್ನುವಷ್ಟರಲ್ಲಿ ಮತ್ತೆ ಮೇಲೆದ್ದು ಹೊಟ್ಟೆ ಮೇಲು ಮಾಡಿಕೊಂಡು ಹಾರಿತು. ಆ ಹೊತ್ತಿನಲ್ಲಿ ಕಾಗೆಗಳು ಎಷ್ಟು ಸಂಡಿಗೆ ತಿಂದವೋ ನನಗೆ ತಿಳಿಯದು. ಅಮ್ಮನಿಗೆ ಚೆನ್ನಾಗಿ ತಿಳಿಯಿತು.

ಸಂಜೆ ಮೆಟ್ಟಿಲ ಮೇಲೆ ಶೈಲ ಸಿಕ್ಕಳು. ಎರಡನೇ ಮಾಳಿಗೆಯವಳು, ನನ್ನದೇ ಕ್ಲಾಸು, ನನ್ನ ಪ್ರಾಣಸ್ನೇಹಿತೆ. ಉಡುಪಿ ಕಡೆಯವರು, ಅವಳ ಅಪ್ಪನಿಗೆ ಜುಹು ರಸ್ತೆಯಲ್ಲಿ ಹೋಟೆಲಿತ್ತು. ನಾನು ಕೆಂಪು ವಿಮಾನದ ಸುದ್ದಿ ತೆಗೆಯುವ ಮೊದಲೇ ಅವಳು, "ಅದಾ? ಅದು ಸಿನಿಮಾದ್ದು ಮಾರಾಯ್ತಿ. ಫಾರಿನ್ನಿಂದ ಪೆಟ್ಟಿಗೆಯಲ್ಲಿ ಬಂದದ್ದು. ಅವರಿಗೆಲ್ಲ ನಮ್ಮ ಹೋಟ್ಲಿಂದ್ಲೇ ಊಟ ಹೋಗುದು. ನಾನು ನಿನ್ನೆ ಮುಟ್ಟಿ ಬಂದೆ" ಎಂದಳು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆಗ.

"ನಂಬಿಕೆ ಇಲ್ವಾ? ಮೂಸಿ ನೋಡು" ಎಂದು ಅಂಗೈ ಚಾಚಿದಳು. ಮೂಸಿದೆ. ಸೀಮೆಎಣ್ಣೆ. ಗ್ಯಾಸ್ ಸಿಲಿಂಡರ್ ಮುಗಿದ ದಿನ ಅಮ್ಮ ಹೊತ್ತಿಸುತ್ತಿದ್ದ ಪಂಪ್ ಸ್ಟೌವಿನದೇ ವಾಸನೆ. ಮನೆಯಲ್ಲಿ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಶೈಲನ ಕೈಯನ್ನು ಮತ್ತೆ ಮತ್ತೆ ಎಳೆದು ಮೂಸಿದೆ.

"ಹಾರುದು ಎಂತದೂ ಅಲ್ಲ" ಎಂದಳು ಅವಳು, ದೊಡ್ಡವರ ಧಾಟಿಯಲ್ಲಿ. "ಸ್ಟಾರ್ಟ್ ಆಗುದು ನೋಡ್ಬೇಕು. ಮೊದ್ಲು ಫ್ಯಾನು ತಿರುಗುದೇ ಇಲ್ಲ, ಗೊತ್ತುಂಟಾ? ಸುಮ್ಮನೆ ನಿಂತಿರ್ತದೆ. ಒಳಗಿಂದ ಮಾತ್ರ ಸೀಟಿ ಬರ್ತದೆ. ಮೊದ್ಲು ಗಾಳಿ, ಆಮೇಲೆ ಚಿಮಿಣಿ ಎಣ್ಣೆ, ಬೆಂಕಿ. ಫ್ಯಾನು ಎಲ್ಲಕ್ಕಿಂತ ಲಾಸ್ಟಿಗೆ."

ನನಗೆ ಇದು ಅರ್ಥವಾಗಲಿಲ್ಲ, ಅದಕ್ಕೇ ಇನ್ನಷ್ಟು ಉರಿಯಿತು. ಅಪ್ಪನ ಜೊತೆ ಭಾನುವಾರ ಜುಹು ಏರೋಡ್ರೋಮಿನ ಬೇಲಿಯ ಆಚೆ ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನಗಳನ್ನು ನೋಡಿದ್ದೆ. ಅಲ್ಲಿ ಒಬ್ಬರು ಮುಂದೆ ನಿಂತು ಕೈಯಿಂದಲೇ ಪ್ರೊಪೆಲ್ಲರನ್ನು ಬೀಸಿ ಹಿಂದೆ ಸರಿಯುತ್ತಿದ್ದರು. ಅದು ಕೆಮ್ಮಿ, ಹೊಗೆ ಕಾರಿ, ಮುನಿಸಿಕೊಂಡು ನಿಂತು, ಮತ್ತೆ ಬೀಸಿದ ಮೇಲೆ ಹೊರಡುತ್ತಿತ್ತು. ಪ್ರೊಪೆಲ್ಲರ್ ತಿರುಗಿದರೆ ತಾನೆ ಎಂಜಿನ್ನು? ಇದ್ಯಾವ ಸೀಮೆಯ ವಿಮಾನ, ಒಳಗೆ ಸೀಟಿ ಹೊಡೆಯುತ್ತ ಹೊರಗೆ ಸುಮ್ಮನಿರುವುದು? ಹಾರುವುದನ್ನು ಇಡೀ ಸಾಂತಾಕ್ರೂಜು ನೋಡುತ್ತಿತ್ತು. ಸ್ಟಾರ್ಟ್ ಆಗುವುದನ್ನು ಶೈಲ ಒಬ್ಬಳು. ಅದನ್ನು ಒಮ್ಮೆ, ಒಂದೇ ಒಂದು ಸಲ, ಹತ್ತಿರದಿಂದ ಕೇಳದೆ ಹೋದರೆ ಬದುಕುವುದಿಲ್ಲ ಅನ್ನಿಸಿತು. ಹನ್ನೊಂದು ವರ್ಷಕ್ಕೆ ಹಾಗೆಲ್ಲ ಅನ್ನಿಸುತ್ತದೆ.

ಅಪ್ಪ ಬ್ಯಾಂಕಿನಿಂದ ಬಂದು ಕಾಫಿ ಕುಡಿಯುವಾಗ ಕೇಳಿದೆ: "ಅಪ್ಪ, ನೀವ್ಯಾಕೆ ಹೋಟ್ಲು ಇಡ್ಲಿಲ್ಲ?"

ಅಪ್ಪ ಅಡುಗೆಮನೆ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮಮ್ಮನ ಕೈ ಅಡುಗೆ ದಿನಾ ತಿಂತೀಯಲ್ಲ, ಇನ್ನೂ ಗೊತ್ತಾಗ್ಲಿಲ್ವೇನೆ?"

"ಕೇಳಿಸ್ತು" ಎಂದಳು ಅಮ್ಮ ಒಳಗಿನಿಂದ. "ನಾಳೆಯಿಂದ ನೀವೇ ಮಾಡ್ಕೊಳ್ಳಿ."

ನಗುವ ಮನಸ್ಸೇ ನನಗಿರಲಿಲ್ಲ. ಮರುದಿನ ನಾಚಿಕೆ ಬಿಟ್ಟು ಶೈಲನನ್ನೇ ಕೇಳಿದೆ, ನನ್ನನ್ನೂ ಕರೆದುಕೊಂಡು ಹೋಗು ಅಂತ. ಅವಳು ಅಪ್ಪನನ್ನು ಕೇಳಿ ಹೇಳುತ್ತೇನೆ ಎಂದಳು. ಸಂಜೆ ಬಂದು, "ಒಬ್ಳನ್ನೇ ಆದ್ರೆ ಕರ್ಕೊಂಡು ಹೋಗುದಂತೆ. ಇಬ್ರಾದ್ರೆ ಗಲಾಟೆ ಮಾಡ್ತೀರಿ ಹೇಳಿದ್ರು" ಎಂದಳು. ಅವಳು ಕೇಳಿರಲೇ ಇಲ್ಲ ಎಂದು ನನಗೆ ಆಗಲೂ ಅನುಮಾನ, ಈಗಲೂ ಅನುಮಾನ. ಕುಂಟೆಬಿಲ್ಲೆ ಆಡುವಾಗ ಬೇಕೆಂದೇ ಅವಳ ಮನೆಯ ಗೆರೆ ತುಳಿದೆ. ಅವಳು ಅದನ್ನು ಗಮನಿಸಲೂ ಇಲ್ಲ. ಅವಳ ತಲೆ ತುಂಬ ಕೆಂಪು ವಿಮಾನ.

ಮುಂದಿನ ಸುದ್ದಿ ಇನ್ನೂ ಕೆಟ್ಟದಾಗಿತ್ತು. ಶೂಟಿಂಗ್ ಶುರುವಾಗುವ ದಿನ ವಿಮಾನಕ್ಕೆ ಪೂಜೆ ಮಾಡಬೇಕು, ಮುಹೂರ್ತದ ತೆಂಗಿನಕಾಯಿ ಒಡೆಯದೆ ಸಿನಿಮಾದವರು ಕುರ್ಚಿಯನ್ನೂ ಸರಿಸುವುದಿಲ್ಲ, ಆರತಿ ಎತ್ತುವುದು ಕನ್ಯೆಯ ಕೈಯಲ್ಲೇ ಆಗಬೇಕು. ಯಾರು ಆ ಕನ್ಯೆ ಎಂದು ಬೇರೆ ಹೇಳಬೇಕೇ? ಅವರಮ್ಮ ಮಾತುಂಗಾದಿಂದ ಮಲ್ಲಿಗೆ ತರಿಸಿದರು. ಹಸಿರು ರೇಷ್ಮೆಯ ಲಂಗ-ರವಿಕೆ ಇಸ್ತ್ರಿಯಾಯಿತು. ಅಕ್ಷತೆ ಹೇಗೆ ಹಾಕಬೇಕು ಎಂದು ಆ ಮನೆಯಲ್ಲಿ ರಿಹರ್ಸಲ್ಲೇ ನಡೆಯಿತು. ಕೆಳಗೆ ಚೆಲ್ಲಬಾರದು, ನೆತ್ತಿಯ ಮೇಲೆ ಬೀಳುವ ಹಾಗೆ ಹಾಕಬೇಕು ಎಂದು ಅವರಮ್ಮ ಹೇಳಿಕೊಟ್ಟದ್ದನ್ನು ನಾನು ಬಾಗಿಲಲ್ಲಿ ನಿಂತು ಕೇಳಿದೆ. ಹೋಗಿ ಹೋಗಿ ವಿಮಾನಕ್ಕೆ ಯಾವ ನೆತ್ತಿ ಎಂದುಕೊಂಡೆ. ನಾನೂ ಕನ್ಯೆಯೇ, ನನಗೂ ರೇಷ್ಮೆ ಲಂಗವಿತ್ತು.

ಆ ಬೆಳಿಗ್ಗೆ ಬಿಲ್ಡಿಂಗಿನ ಮಕ್ಕಳೆಲ್ಲ ಗುಂಪು ಕಟ್ಟಿ ಜುಹುವಿಗೆ ನಡೆದೆವು. ತಂತಿಬೇಲಿಗೆ ಮುಖ ಒತ್ತಿ ನಿಂತೆವು. ಒಳಗೆ ವಿಮಾನ ಅಲಂಕಾರಗೊಂಡು ನಿಂತಿತ್ತು, ಚಕ್ರದ ಕೆಳಗೆ ನಿಂಬೆಹಣ್ಣು, ಸುತ್ತ ಚೆಂಡುಹೂವಿನ ಎಸಳು. ಪ್ರೊಡಕ್ಷನ್ನಿನ ದಪ್ಪ ಮನುಷ್ಯ ಮೂತಿಯ ಕೆಳಗೇ ಸಿಮೆಂಟಿನ ಮೇಲೆ ಕಾಯಿ ಚಚ್ಚಿದ. ಚೂರು ನಾಲ್ಕು ದಿಕ್ಕಿಗೆ ಹಾರಿದವು. ಶೈಲ ಆರತಿ ಎತ್ತಿದಳು. ಆಮೇಲೆ ಕಲಿಸಿಕೊಟ್ಟ ಹಾಗೆ ಬೊಗಸೆ ತುಂಬ ಅಕ್ಷತೆಯನ್ನು ಮೇಲಕ್ಕೆ, ವಿಮಾನದ ಮೂತಿಗೇ ಬೀಳುವಂತೆ ಎಸೆದಳು.

ಹತ್ತಿರ ನಿಂತಿದ್ದ ವಿದೇಶಿ ಮೆಕ್ಯಾನಿಕ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

ಪ್ರೊಪೆಲ್ಲರಿನ ಕೆಳಗೆ ಆ ವಿಮಾನಕ್ಕೊಂದು ಬಾಯಿ ಇತ್ತು, ಗಾಳಿ ಎಳೆದುಕೊಳ್ಳುವ ಬಾಯಿ. ಅಕ್ಷತೆ ಅದರೊಳಗೂ ಬಿದ್ದಿತ್ತು. ಸ್ಟಾರ್ಟ್ ಮಾಡಿದ್ದರೆ ಅಕ್ಕಿಯನ್ನೂ, ಕಾಯಿಚೂರನ್ನೂ ಎಂಜಿನ್ನು ಒಳಗೆಳೆದುಕೊಂಡು ತನ್ನ ಹೊಟ್ಟೆ ತಾನೇ ಹರಿದುಕೊಳ್ಳುತ್ತಿತ್ತಂತೆ. ಮೆಕ್ಯಾನಿಕ್ ಕೂಗಾಡಿದ. ಪ್ರೊಡಕ್ಷನ್ನಿನವನು ಅಷ್ಟನ್ನೂ ಹಿಂದಿಯಲ್ಲಿ ಶೈಲನ ಮೇಲೆ ತಿರುಗಿಸಿದ. ಮಲ್ಲಿಗೆ ಮುಡಿದ ಶೈಲ ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಎಷ್ಟು ಹಿತವಾಯಿತೆಂದರೆ, ಬೇಲಿಯ ತಂತಿ ಕೆನ್ನೆಗೆ ಒತ್ತುತ್ತಿದ್ದುದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ದಪ್ಪ ಮನುಷ್ಯ ನಮ್ಮ ಕಡೆ ಕೈ ಬೀಸಿದ. "ಏ ಬಚ್ಚಾ ಲೋಗ್, ಅಂದರ್ ಆವೋ. ಏಕ್ ದಾನಾ ಭೀ ನಹೀ ರೆಹನಾ ಚಾಹಿಯೇ."

ಒಂದು ಕಾಳೂ ಉಳಿಯಬಾರದು. ನಾವು ಗೇಟಿಗೆ ಓಡಿದೆವು. ಎಂಥ ಅದೃಷ್ಟ ನೋಡಿ, ವಿಮಾನದ ಮೂತಿಯ ಕೆಳಗೆ ಮಂಡಿಯೂರಿ ಅಕ್ಕಿ ಆರಿಸುವ ಕೆಲಸ. ಮನೆಯಲ್ಲಿ ಮೊರ ಕೊಟ್ಟು ಕೂರಿಸಿದರೆ ತಲೆನೋವು ಬರಿಸಿಕೊಳ್ಳುತ್ತಿದ್ದ ನಾನು ಅಂದು ಸಿಮೆಂಟಿನ ಬಿರುಕಿಗೂ ಉಗುರು ಹಾಕಿದೆ. ತಲೆಯೆತ್ತಿದರೆ ಪ್ರೊಪೆಲ್ಲರ್. ಅದರ ಅಲಗುಗಳು ಗಾಳಿಗೆ ಎದುರಾಗದೆ ಚಾಕುವಿನಂತೆ ಓರೆಯಾಗಿ ನಿಂತಿದ್ದವು. ಮೆಕ್ಯಾನಿಕ್ ಟಾರ್ಚು ಹಿಡಿದು ಆ ಬಾಯಿಯೊಳಗೆ ತಲೆಯಿಟ್ಟು ಕೊನೆಯ ಕಾಳನ್ನೂ ತೆಗೆದ. ಆಮೇಲೆ ನಮ್ಮನ್ನು ಪಕ್ಕಕ್ಕೆ, ಒಂದು ಹಗ್ಗದ ಹಿಂದೆ ನಿಲ್ಲಿಸಿದರು. ಇನ್ನೇನು ಸ್ಟಾರ್ಟ್. ನಾನು ಇಲ್ಲಿ, ಇಷ್ಟು ಹತ್ತಿರ. ಶೈಲ ಅಲ್ಲಿ ದೂರ, ಅಪ್ಪನ ಅಂಗಿಯಲ್ಲಿ ಮುಖ ಮುಚ್ಚಿಕೊಂಡು.

ಕೆಂಪು ಗಡ್ಡದ ಪೈಲಟ್ ಅವಳನ್ನು ನೋಡಿದ. ಏನು ತೋಚಿತೋ, ಹೋಗಿ ಅವಳ ತಲೆ ಸವರಿದ, ಅವಳ ಅಪ್ಪನನ್ನು ಏನೋ ಕೇಳಿದ. ಬಳಿಕ ಅವಳನ್ನು ಎತ್ತಿ ಕಾಕ್‌ಪಿಟ್ಟಿನಲ್ಲಿ ತನ್ನ ತೊಡೆಯ ಮೇಲೆ ಕೂರಿಸಿಕೊಂಡ. ಅವಳ ಕೈ ಹಿಡಿದು ಒಂದು ಸ್ವಿಚ್ಚಿನ ಮೇಲೆ ಇಟ್ಟ. ಹಸಿರು ರೇಷ್ಮೆಯ ತೋಳು ಮುಂದಕ್ಕೆ ಹೋದದ್ದು ನನಗೆ ಕಂಡಿತು.

ಟಿಕ್ ಟಿಕ್ ಟಿಕ್ ಎಂದು ಒಳಗೆಲ್ಲೋ ಕಿಡಿ ಹಾರುವ ಸದ್ದು. ಅದರ ಹಿಂದೆಯೇ ಸಣ್ಣ ಸೀಟಿ. ಪ್ರೊಪೆಲ್ಲರ್ ಅಲುಗಲಿಲ್ಲ. ಸೀಟಿ ಏರಿತು, ಇನ್ನೂ ಏರಿತು, ಹಲ್ಲು ಜುಮ್ಮೆನ್ನುವಷ್ಟು ಏರಿತು, ಆಗಲೂ ಅದು ಕಲ್ಲಿನ ಹಾಗೆ ನಿಂತಿತ್ತು. ಆಮೇಲೆ ಅಮ್ಮ ಸ್ಟೌವಿಗೆ ಕಡ್ಡಿ ಹಿಡಿದಾಗ ಆಗುವಂತೆ ಒಂದು ಮೆತ್ತಗಿನ 'ಭಫ್'. ಹೊಗೆಕೊಳವೆಯ ತುದಿಯಲ್ಲಿ ಗಾಳಿ ನೀರಿನಂತೆ ನಡುಗಿತು. ಸೀಮೆಎಣ್ಣೆಯ ಬಿಸಿ ವಾಸನೆ ಮುಖಕ್ಕೆ ಬಡಿಯಿತು. ಆಗ, ಮನಸ್ಸಿಲ್ಲದ ಮನಸ್ಸಿನಿಂದ ಏಳುವವರ ಹಾಗೆ, ಪ್ರೊಪೆಲ್ಲರ್ ನಿಧಾನ ತಿರುಗತೊಡಗಿತು. ಅಲಗುಗಳು ಮಸುಕಾದವು, ಮಾಯವಾದವು, ಆದರೂ ಗಾಳಿ ಬೀಸಲಿಲ್ಲ. ಕಡೆಗೆ ಅವು ತಮ್ಮ ಓರೆ ಬದಲಿಸಿ ಗಾಳಿಯನ್ನು ಕಚ್ಚಿದ್ದೇ ತಡ, ಸೀಟಿಯನ್ನೆಲ್ಲ ನುಂಗುವ ದಪ್ಪ ದನಿ ಎದ್ದಿತು. ನಮ್ಮ ಕೂದಲು, ಫ್ರಾಕು, ಚೆಂಡುಹೂವಿನ ಎಸಳು ಎಲ್ಲ ಹಿಂದಕ್ಕೆ ಹಾರಿದವು. ಶೈಲ ಹೇಳಿದ್ದೆಲ್ಲ ನಿಜವಾಗಿತ್ತು, ಅವಳು ಹೇಳಿದ್ದಕ್ಕಿಂತ ಚೆನ್ನಾಗಿತ್ತು, ನಾನು ಅದರಲ್ಲಿ ಅರ್ಧವನ್ನೂ ಸವಿಯಲಿಲ್ಲ. ಸದ್ದು ನನ್ನ ಕಿವಿಯಲ್ಲಿತ್ತು, ಕಣ್ಣು ಮಾತ್ರ ಆ ಹಸಿರು ತೋಳಿನ ಮೇಲೆ.

ನಾನು ಅಕ್ಕಿ ಎಸೆದಿರಲಿಲ್ಲ. ಅಕ್ಕಿ ಆರಿಸಿದ್ದೆ. ಸ್ಟಾರ್ಟ್ ಮಾಡಿದವಳು ಅವಳು.

ಶೂಟಿಂಗ್ ಮುಗಿದು ವಿಮಾನ ಮತ್ತೆ ಪೆಟ್ಟಿಗೆ ಸೇರಿ ಹೋಯಿತು. ತಾರಸಿಯಲ್ಲಿ ಅದು ಆಟವಾಗಿ ಉಳಿಯಿತು. ನೀರಿನ ಟ್ಯಾಂಕಿನ ಕಟ್ಟೆಯೇ ವಿಮಾನ. ಪೈಲಟ್ ಯಾವಾಗಲೂ ಶೈಲ, ಯಾಕೆಂದರೆ ಒತ್ತಿದ್ದು ಅವಳು. "ನೀನು ಎಂಜಿನ್ನು ಆಗು, ನಿಂಗೆ ಶಬ್ದ ಚಂದ ಬರ್ತದೆ" ಎನ್ನುತ್ತಿದ್ದಳು. ನಾನು ಕಟ್ಟೆಯ ಕೆಳಗೆ ಕೂತು ನಾಲಗೆಯಲ್ಲಿ ಟಿಕ್ ಟಿಕ್ ಅನ್ನಿಸಿ, ಸೀಟಿ ಏರಿಸಿ, ಉಸಿರು ಕಟ್ಟಿ 'ಭಫ್' ಎಂದು, ಆಮೇಲೆ ತೋಳು ತಿರುಗಿಸುತ್ತಿದ್ದೆ. ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ ಕೆಳಗಿನ ಮಾಳಿಗೆಯ ಮಕ್ಕಳು ಬಿಸ್ಕತ್ತು ಕೊಟ್ಟು ಕೇಳುತ್ತಿದ್ದರು. ಆದರೂ ಮೇಲೆ ಕೂತವಳು ಬೆರಳು ಒತ್ತಿದಾಗಲೇ ನಾನು ಶುರುವಾಗಬೇಕು. ಆ ಸಿಟ್ಟಿಗೆ ಒಮ್ಮೊಮ್ಮೆ ಬೇಕೆಂದೇ ಸ್ಟಾರ್ಟ್ ಆಗುತ್ತಿರಲಿಲ್ಲ.

ಅಪ್ಪನಿಗೆ ವರ್ಗವಾಗಿ ನಾವು ಸಾಂತಾಕ್ರೂಜು ಬಿಟ್ಟೆವು. ಆ ಬಿಲ್ಡಿಂಗನ್ನು ಕೆಡವಿ ಈಗ ಟವರ್ ಕಟ್ಟಿದ್ದಾರೆ. ಅದರ ತಾರಸಿಗೆ ಮಕ್ಕಳನ್ನು ಬಿಡುವುದಿಲ್ಲವಂತೆ. ಅಂಥ ಎಂಜಿನ್ನು ಸ್ಟಾರ್ಟ್ ಆಗುವುದನ್ನು ಈಗ ಫೋನಿನಲ್ಲಿ ಎಷ್ಟು ಬೇಕಾದರೂ ನೋಡಬಹುದು, ನಾನು ನೋಡುತ್ತೇನೆ ಕೂಡ. ವಾಸನೆ ಬರುವುದಿಲ್ಲ, ಕೂದಲು ಹಾರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೋಡುವಾಗ ಯಾರ ಮೇಲೂ ಹೊಟ್ಟೆ ಉರಿಯುವುದಿಲ್ಲ.

ಹೋದ ವರ್ಷ ಸಯನ್ನಿನ ಒಂದು ಮದುವೆಯಲ್ಲಿ ಶೈಲ ಸಿಕ್ಕಳು. ತಬ್ಬಿಕೊಂಡೆವು, ಅತ್ತೆವು, ಪಕ್ಕಪಕ್ಕದಲ್ಲೇ ಊಟಕ್ಕೆ ಕೂತೆವು. ಹೋಳಿಗೆ ಬಂದ ಹೊತ್ತಿಗೆ ನಾನು ತಡೆಯಲಾರದೆ ಕೇಳಿದೆ: "ಜುಹು ವಿಮಾನ ನೆನಪಿದ್ಯೇನೆ ನಿಂಗೆ?"

"ಯಾವುದು? ಹಾಂ, ಹೆಲಿಕಾಪ್ಟರ್ ಅಲ್ವಾ? ಅಕ್ಕಿ ಹಾಕಿ ಬೈಸ್ಕೊಂಡದ್ದು ನೆನಪುಂಟು. ಅಪ್ಪ ಮನೆಗೆ ಬಂದು ಮತ್ತೆ ಬೈದಿದ್ರು."

"ಹೆಲಿಕಾಪ್ಟರ್ ಅಲ್ವೇ. ಎರಡಂತಸ್ತಿನ ರೆಕ್ಕೆದು. ನೀನೇ ಅಲ್ವೇನೆ ಸ್ವಿಚ್ಚು ಒತ್ತಿ ಸ್ಟಾರ್ಟ್ ಮಾಡಿದ್ದು?"

ಶೈಲ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಸ್ವಲ್ಪ ಯೋಚಿಸಿದಳು. "ನಾನಾ? ಇಲ್ಲಪ್ಪ. ಅದು ನೀನು ಇರ್ಬೇಕು. ನಿಂಗಲ್ವಾ ಅದ್ರ ಹುಚ್ಚು ಇದ್ದದ್ದು?"

ಹನ್ನೊಂದನೇ ವಯಸ್ಸಿನಲ್ಲಿ ಅದಕ್ಕಾಗಿ ನಾನು ಏನನ್ನು ಬೇಕಾದರೂ ಕೊಟ್ಟುಬಿಡುತ್ತಿದ್ದೆ. ಈಗ ಅವಳು ಅದನ್ನು ಎಲೆಯ ಮೇಲೆ ಇನ್ನೊಂದು ಹೋಳಿಗೆ ಬಡಿಸಿದಂತೆ ಸುಮ್ಮನೆ ಕೊಡುತ್ತಿದ್ದಳು. ಹೌದು ಎಂದಿದ್ದರೆ ನನ್ನದಾಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಅದು ಅವಳದಾಗಿದ್ದರಿಂದಲೇ ನಾನು ಅಷ್ಟು ವರ್ಷ ಅದಕ್ಕೆ ಆಸೆಪಟ್ಟದ್ದು.

"ಅಲ್ಲ ಕಣೇ, ನೀನೇ" ಎಂದೆ. "ಹಸಿರು ಲಂಗ ಹಾಕಿದ್ಯಲ್ಲ. ನಾನು ಕೆಳಗಿನಿಂದ ನೋಡ್ತಿದ್ದೆ."

ಅವಳು ನಂಬಲಿಲ್ಲ.